ಹನ್ನೊಂದು ಮೊಳದ ತಾಬಾ

ನಾನು ನಿಂತಿದ್ದು ನೇಕಾರ ಓಣಿಯ ಪಡುವಣ ತುದಿಯಲ್ಲಿ, ಕೊಂಡವಾಡದ ಗೋಡೆಯಿಂದ ಏಳು ಹೆಜ್ಜೆ ಈಚೆಗೆ, ಎಡಗಡೆಯ ಕೊನೆಯ ಮನೆಯ ಕಟ್ಟೆಗೆ ಬೆನ್ನು ಕೊಟ್ಟು. ಎಳ್ಳಮಾವಾಸ್ಯೆಯ ಹಿಂದಿನ ದಿನ. ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು. ಮುಂಜಾನೆ ಒಂಬತ್ತರ ಸುಮಾರು ಇರಬೇಕು. ನನ್ನ ಹತ್ತಿರ ಗಡಿಯಾರ ಇರಲಿಲ್ಲ. ದೊಡ್ಡ ಪ್ಲೇಗು ಇಳಿದು, ಪೇಟೆಯ ಜನ ಹೊಲದ ಗುಡಿಸಲುಗಳಿಂದ ತಮ್ಮ ತಮ್ಮ ಮನೆಗಳಿಗೆ ಮರಳಿದ ಆರನೆಯ ವರ್ಷ ಅದು. ತಾರೀಖನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೆ. ಆ ದಿನಚರಿ ಕೋರ್ಟಿನ ಸ್ವತ್ತು, ಕೆಲಸ ಬಿಡುವಾಗ ಒಪ್ಪಿಸಿ ಬಂದೆ. ಆದ್ದರಿಂದ ಅಂದಾಜಿನ ತಾರೀಖು ಹಾಕುವುದಿಲ್ಲ.

ಪೇಟೆಯ ಹೆಸರನ್ನೂ ಬರೆಯುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇವುಗಳ ನಡುವಿನ ಸೀಮೆಯಲ್ಲಿ ಅದೊಂದು ಚಿಕ್ಕ ಪೇಟೆ ಎಂದರೆ ಸಾಕು. ನಾನು ಕೋರ್ಟಿನ ಬೇಲೀಫನಾಗಿದ್ದೆ. ಸಮನ್ಸು ಮುಟ್ಟಿಸುವುದು, ಜಪ್ತಿ ಮಾಡುವುದು, ದಾವೆ ಗೆದ್ದವರಿಗೆ ಹುಕುಮನಾಮೆಯ ಪ್ರಕಾರ ಜಾಗದ ತಾಬಾ, ಅಂದರೆ ಸ್ವಾಧೀನ, ಕೊಡಿಸುವುದು ನನ್ನ ಕೆಲಸ.

ಆ ಓಣಿಯಲ್ಲಿ ಒಂಬತ್ತು ನೇಕಾರರ ಮನೆಗಳಿದ್ದವು. ಓಣಿಯ ಈ ತುದಿಯ ಗೂಟದಿಂದ ಆ ತುದಿಯ ಗೂಟಕ್ಕೆ ಅರವತ್ತು ಮೊಳ. ಮೂರು ಸೀರೆಗೆ ಬೇಕಾಗುವ ಹಾಸೂ ಅಷ್ಟೇ. ಹಾಸು ಎಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳು. ಅವನ್ನು ಮಗ್ಗಕ್ಕೆ ಏರಿಸುವ ಮೊದಲು ಓಣಿಯುದ್ದಕ್ಕೂ ಬಿಗಿಯಾಗಿ ಎಳೆದು, ಜೋಳದ ಗಂಜಿ ಸವರಿ, ದೊಡ್ಡ ಕುಂಚದಿಂದ ಬಾಚಿ ಒಣಗಿಸಬೇಕು. ಎರಡು ತುದಿಗೆ ಇಬ್ಬಿಬ್ಬರು, ನಡುವೆ ನಾಲ್ವರು, ಒಟ್ಟು ಎಂಟು ಜನರ ಕೆಲಸ. ಇಂದು ಈ ಮನೆಯ ಹಾಸಿನ ಕೆಲಸಕ್ಕೆ ಎಲ್ಲರೂ, ನಾಳೆ ಆ ಮನೆಯದಕ್ಕೆ ಎಲ್ಲರೂ. ಬಯಲಿನಲ್ಲಿ ಮಾಡಲಿಕ್ಕೆ ಬರುವುದಿಲ್ಲವೇ ಎಂದು ಮೊದಲ ಸಲ ನಾನೂ ಕೇಳಿದ್ದೆ. ಬಯಲಿನಲ್ಲಿ ಗಾಳಿ ಬಡಿದು ಗಂಜಿ ಒಮ್ಮೆಲೇ ಒಣಗಿ ಎಳೆ ಹರಿಯುತ್ತದೆ. ಎರಡು ಕಡೆಯ ಗೋಡೆಗಳ ನೆರಳಿನಲ್ಲಿ ನಿಧಾನವಾಗಿ ಒಣಗಬೇಕು. ಮೊದಲಿನ ಹಿರಿಯರು ಹಾಸಿನ ಅಳತೆ ನೋಡಿಯೇ ಓಣಿ ಹಾಕಿದ್ದರು. ಜಾಗದ ಸನದು, ಅಂದರೆ ಹಕ್ಕಿನ ಪತ್ರ, ಒಂಬತ್ತು ಮನೆಗಳ ಹೆಸರಿನಲ್ಲಿ ಇತ್ತು.

ಪ್ಲೇಗಿನ ವರ್ಷ ಒಂಬತ್ತು ಮನೆಯವರೂ ಬೀಗ ಹಾಕಿ ಹೊಲಕ್ಕೆ ಹೋದರು. ತಿರುಗಿ ಬಂದಾಗ ಓಣಿಯ ಪಡುವಣ ತುದಿಯಲ್ಲಿ ಮುನಸಿಪಾಲ್ಟಿಯವರ ಕೊಂಡವಾಡ ಎದ್ದಿತ್ತು. ಹೊಲ ಮೇಯುವ ಬಿಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಕಲ್ಲಿನ ದೊಡ್ಡಿ. ಅದು ಓಣಿಯೊಳಗೆ ಹನ್ನೊಂದು ಮೊಳ ಬಂದಿತ್ತು. ಉಳಿದದ್ದು ನಲವತ್ತೊಂಬತ್ತು. ಮೂರು ಸೀರೆಯ ಹಾಸು ಹಿಡಿಯದು.

ದಾವೆ ಹಾಕಿದವರು ಎಡಗಡೆಯ ಕೊನೆಯ ಮನೆಯ ನೇಕಾರರು, ಆಗಲೇ ಅರವತ್ತರ ಹತ್ತಿರದವರು. ಕೋರ್ಟಿನಲ್ಲಿ ಗೆದ್ದರು. ಮುನಸಿಪಾಲ್ಟಿಯವರು ಅಪೀಲು ಹೋದರು, ಅಲ್ಲಿಯೂ ಇವರೇ ಗೆದ್ದರು. ಹನ್ನೊಂದು ಮೊಳ ಜಾಗವನ್ನು ಖಾಲಿ ಮಾಡಿ ತಾಬಾ ಕೊಡತಕ್ಕದ್ದು ಎಂದು ಹುಕುಮನಾಮೆ. ಅದನ್ನು ಜಾರಿ ಮಾಡಿಸಲು ದರಖಾಸ್ತು ಕೊಟ್ಟರು, ವಾರಂಟು ನನ್ನ ಕೈಗೆ ಬಂತು.

ಮೊದಲ ಸಲ ಹೋದಾಗ ಮುನಸಿಪಾಲ್ಟಿಯ ಪ್ರೆಸಿಡೆಂಟರು ಕಿತ್ತೂರಿನ ಮದುವೆಯೊಂದಕ್ಕೆ ಹೋಗಿದ್ದರು. ಎರಡನೆಯ ಸಲ ಅವರು ಇದ್ದರು. ಠರಾವು ಆಗದೆ ಮುನಸಿಪಾಲ್ಟಿಯ ಕಲ್ಲು ಮುಟ್ಟುವಂತಿಲ್ಲ, ಸಭೆಗೆ ಮೆಂಬರರು ಸಾಲಲಿಲ್ಲ ಎಂದರು. ಮೂರನೆಯ ಸಲ ನಾನು ಯಾರನ್ನೂ ಕೇಳಲಿಲ್ಲ, ನೇರವಾಗಿ ಓಣಿಗೆ ಹೋದೆ. ಹಾರೆ ಹಿಡಿಯಲು ಒಬ್ಬ ಆಳೂ ಸಿಗಲಿಲ್ಲ. ಗೋಡೆ ಕಟ್ಟುವ ಊರ ಗೌಂಡಿ ಕೈ ಮುಗಿದ. "ನಾಳಿ ನನ್ನ ಮನಿ ಮುಂದಿನ ಕಟ್ಟಿ ಅಳತಿ ತಪ್ಪೈತಿ ಅಂತ ನೋಟೀಸ ಬರತೈತ್ರಿ. ನೀವು ಹೋಗತೀರಿ, ನಾ ಇಲ್ಲೇ ಇರಬೇಕು." ಮೂರು ಸಲವೂ ವಾರಂಟಿನ ಬೆನ್ನಿಗೆ ಶರಾ ಬರೆದು, ತಾಬಾ ಕೊಡಲು ಆಗಲಿಲ್ಲ ಎಂದು ಮರಳಿಸಿದೆ. ಆ ಮೂರು ಶರಾಗಳಲ್ಲಿ ಸುಳ್ಳಿಲ್ಲ.

ನಾಲ್ಕನೆಯ ಸಲದ್ದು ನಾನು ಮೊದಲು ಹೇಳಿದ ಮುಂಜಾನೆ. ಮೂಲೆಯ ಹಜಾಮ ಮತ್ತು ಗಾಣದ ಎಣ್ಣೆ ಮಾರುವವರೊಬ್ಬರು ಪಂಚರಾಗಿ ಬಂದಿದ್ದರು. ನೇಕಾರರು ಮಡಿ ಪಂಚೆ ಉಟ್ಟು, ಹಣೆಗೆ ಭಸ್ಮ ಹಚ್ಚಿ ನಿಂತಿದ್ದರು. ಅವರ ಹೆಂಡತಿ ಬಾಗಿಲ ಹೊಸ್ತಿಲ ಮೇಲೆ ಕುಳಿತು, ಹಳೆಯ ಹಾಸಿನ ಎಳೆಯ ತುದಿಗೆ ಹೊಸ ಹಾಸಿನ ಎಳೆಯನ್ನು ಗಂಟು ಹಾಕುತ್ತಿದ್ದರು. ಒಂದೊಂದು ಹಾಸಿನಲ್ಲಿ ಸಾವಿರಾರು ಗಂಟು. ಮೂರು ಸೀರೆಗೆ ಒಮ್ಮೆ ಇರುತ್ತಿದ್ದ ಆ ಕೆಲಸ ಗೋಡೆ ಬಂದ ಮೇಲೆ ಎರಡು ಸೀರೆಗೆ ಒಮ್ಮೆ ಆಗಿತ್ತು. ಕೊಂಡವಾಡದ ಕಾವಲುಗಾರ ಬೀಗದ ಕೈ ಹಿಡಿದುಕೊಂಡು ಬಂದ. ಕೊನೆಗೆ ಮುನಸಿಪಾಲ್ಟಿಯ ಶೆಕ್ರೆಟರಿಯವರು ಛತ್ರಿ ಹಿಡಿದು ಬಂದರು. ಅವರು ಮಾತಿನಲ್ಲಿ ಮೃದು.

"ಬೇಲೀಫ ಸಾಹೇಬ್ರ, ಕೋರ್ಟಿನ ಹುಕುಮಿಗೆ ನಾವು ಅಡ್ಡ ಬರಾಂಗಿಲ್ರಿ," ಎಂದರು. "ಕೆಡವ್ರಿ. ಆದ್ರ ಒಳಗ ಹದಿಮೂರು ದನ ಅವ. ಗ್ವಾಡಿ ಬಿದ್ದ ಕೂಡ್ಲೆ ಪ್ಯಾಟಿ ತುಂಬ ಓಡತಾವ. ಹಬ್ಬದ ಸಂತಿ ಇವತ್ತ. ಯಾರಿಗರ ಹಾಯ್ದ್ರ ಹೆಸರು ನಿಮಗ ಬರೂದೋ, ನನಗ ಬರೂದೋ?"

"ಅದರಾಗ ಒಂದ ಹಾಯೂ ಎಮ್ಮಿ ಐತ್ರಿ," ಎಂದ ಕಾವಲುಗಾರ.

ಹಜಾಮ ನಕ್ಕ. "ಹಂಗಾರ ಎಮ್ಮಿಗೂ ಒಂದ ಅಪೀಲ ಮಾಡಾಕ ಬಿಡ್ರಿ ಮತ್ತ."

ಶೆಕ್ರೆಟರಿಯವರೂ ನಕ್ಕರು. ನಂತರ ನನ್ನ ಹತ್ತಿರ ಬಂದು, "ಹಿಂಗ ಮಾಡೂಣು," ಎಂದರು. "ನಿಮ್ಮದೊಂದು ಪದ್ಧತಿ ಐತಲ್ಲ, ಒಂದು ಕಲ್ಲು ತಗದು ಯಜಮಾನರ ಕೈಯಾಗ ಇಡ್ರಿ. ತಾಬಾ ಕೊಟ್ಟಾಂಗ ಆತು. ಹಬ್ಬ ಮುಗದ ಎಂಟು ದಿನದಾಗ ದನಾ ಬ್ಯಾರೆ ಕಡೆ ಹೊಡದು, ಗ್ವಾಡಿ ನಾವ ಇಳಸತೇವಿ. ಇದು ನನ್ನ ಮಾತು."

ಪದ್ಧತಿ ಇತ್ತು, ನಿಜ. ಹೊಲದ ತಾಬಾ ಕೊಡುವಾಗ ನಾವು ಹೊಲದಿಂದ ಒಂದು ಹೆಂಟೆ ಮಣ್ಣು ತೆಗೆದು ಗೆದ್ದವನ ಉಡಿಯಲ್ಲಿ ಹಾಕುತ್ತಿದ್ದೆವು. ಹಲಗೆ ಬಾರಿಸಿ ಊರಿಗೆ ಸಾರುತ್ತಿದ್ದೆವು. ಆಮೇಲೆ ಸೋತವನು ಆ ಹೊಲಕ್ಕೆ ನೇಗಿಲು ತರುತ್ತಿರಲಿಲ್ಲ. ತಂದರೆ ಬಾವಿಯ ಹತ್ತಿರ, ಗುಡಿಯ ಹತ್ತಿರ, ಎಲ್ಲೆಂದರಲ್ಲಿ ಜನ ಅವನ ಮುಖ ನೋಡುತ್ತಿದ್ದರು. ಹದಿನಾಲ್ಕು ವರ್ಷ ನಾನು ಹೀಗೆ ತಾಬಾ ಕೊಟ್ಟಿದ್ದೆ, ಒಮ್ಮೆಯೂ ಕೆಟ್ಟಿರಲಿಲ್ಲ. ಮುನಸಿಪಾಲ್ಟಿಯಲ್ಲಿ ಹಾಗೆ ತಲೆ ತಗ್ಗಿಸಬೇಕಾದ ಮನುಷ್ಯ ಯಾರು ಎಂದು ನಾನು ಆ ದಿನ ಕೇಳಿಕೊಳ್ಳಲಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದನ್ನೂ ಬರೆಯಬೇಕು. ಮುನವಳ್ಳಿಯ ಹತ್ತಿರ ನನ್ನ ಅಕ್ಕನ ಹೊಲ. ಮರುದಿನ ಅಲ್ಲಿ ಚರಗ, ಅಂದರೆ ಹೊಲದ ಪೂಜೆಯ ಎಡೆ, ಚೆಲ್ಲುವುದಿತ್ತು. ಮಧ್ಯಾಹ್ನದೊಳಗೆ ಒಂದು ಗಾಡಿ ಆ ಕಡೆಗೆ ಹೊರಡುವುದಿತ್ತು. ನನ್ನ ಗಂಟು ಗಾಡಿಯಲ್ಲಿ ಆಗಲೇ ಇಟ್ಟು ಬಂದಿದ್ದೆ.

ನಾನು ಗೋಡೆಯ ಮೇಲಿನ ಸಾಲಿನ ಒಂದು ಕಲ್ಲನ್ನು ಕಾವಲುಗಾರನ ಕೈಯಿಂದ ಸಡಿಲ ಮಾಡಿಸಿ ಇಳಿಸಿದೆ. ಅದನ್ನು ನೇಕಾರರ ಕೈಯಲ್ಲಿ ಇಟ್ಟೆ. ಅವರು ಅದನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಮುಟ್ಟಿಸಿಕೊಂಡರು.

"ಏನ್ರಿ ಬೇಲೀಫ್ರ," ಎಂದರು ಹೊಸ್ತಿಲ ಮೇಲಿದ್ದ ಅವರ ಹೆಂಡತಿ, ಕೈ ಕೆಲಸ ನಿಲ್ಲಿಸದೆ. "ನಾನೂ ಗಿರಾಕಿಗೆ ಒಂದ ಎಳಿ ಕೈಯಾಗ ಕೊಟ್ಟು, ಸೀರಿ ಮುಟ್ಟಿಸೇನಿ ಅಂತ ಬರಸಿಕೊಳ್ಳಲೇನ್ರಿ?"

"ಸುಮ್ಮಕಿರ," ಎಂದರು ನೇಕಾರರು. "ಸುರು ಆತಲ್ಲ. ಇಷ್ಟ ವರ್ಷದಾಗ ಒಂದ ಕಲ್ಲರ ಅಳ್ಳಾಡಿತ್ತೇನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಟ್ಟೆಯ ಮೇಲೆ ಕುಳಿತು ವಾರಂಟಿನ ಬೆನ್ನಿಗೆ ಬರೆದೆ: ಸದರೀ ಜಾಗೆಯ ತಾಬಾ ಪಂಚರ ಸಮಕ್ಷಮ ವಾದಿಗೆ ಕೊಡಲಾಯಿತು. ಗೋಡೆ ನಿಂತಿದೆ ಎಂದು ಬರೆಯಲಿಲ್ಲ. ಎಂಟು ದಿನದ ಮಾತನ್ನೂ ಬರೆಯಲಿಲ್ಲ. ಪಂಚರಿಬ್ಬರೂ ಸಹಿ ಮಾಡಿದರು, ನೇಕಾರರು ಹೆಬ್ಬೆರಳು ಒತ್ತಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಓದಿ ಹೇಳಿದೆ, ಅವರು ತಲೆಯಾಡಿಸಿದರು. ಗಾಡಿ ನನಗೆ ಸಿಕ್ಕಿತು.

ಎಂಟು ದಿನ ಆಯಿತು, ತಿಂಗಳಾಯಿತು. ಗೋಡೆಯ ಮೇಲೆ ಒಂದು ಕಲ್ಲಿನ ಸಂದು ಅಷ್ಟೇ. ಅದರೊಳಗಿಂದ ಎಮ್ಮೆ ಮೂತಿ ಚಾಚಿ, ಒಣಗಲು ಬಿಟ್ಟ ಹಾಸಿನ ಗಂಜಿ ನೆಕ್ಕಿತು ಎಂದು ಹಜಾಮ ಹೇಳಿದ. ನಾನು ಅದನ್ನು ನೋಡಿಲ್ಲ. ಆ ಶೆಕ್ರೆಟರಿಯವರಿಗೆ ಬೇರೆ ಊರಿಗೆ ಬದಲಿಯಾಯಿತು. ಹೊಸಬರು ಕಾಗದ ತೆಗೆದು ನೋಡಿ, ತಾಬಾ ಕೊಟ್ಟಾಗಿದೆ ಎಂದು ಬರೆದಿದೆಯಲ್ಲ, ಇನ್ನೇನು ಕೇಳುತ್ತೀರಿ ಎಂದರು. ನೇಕಾರರು ಕೋರ್ಟಿಗೆ ಬಂದರು. ಕೋರ್ಟಿನ ಪುಸ್ತಕದಲ್ಲಿಯೂ ಅದೇ. ದರಖಾಸ್ತು ಪೂರೈಸಿತು, ಪ್ರಕರಣ ಮುಚ್ಚಿತು. ಆ ಶರಾ ಸುಳ್ಳೆಂದು ರುಜುವಾತು ಮಾಡಿದರೆ ಮಾತ್ರ ಹೊಸ ವಾರಂಟು ಎಂದು ಅವರ ವಕೀಲರು ಹೇಳಿದರು. ಹಾಗೆ ಹೇಳಬೇಕಾದ ಸಾಕ್ಷಿ ನಾನು.

ನೇಕಾರರು ಕೋರ್ಟಿನ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ನನ್ನನ್ನು ಹಿಡಿದರು. ಬೈಯುತ್ತಾರೆ ಎಂದುಕೊಂಡೆ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಬೇಲೀಫ್ರ," ಎಂದರು. "ಒಂದ ಮಾತ ಸಾಕು. ಗ್ವಾಡಿ ನಿಂತೈತಿ ಅನ್ರಿ. ನಮ್ಮ ಓಣ್ಯಾಗ ಎರಡ ಮನಿ ಆಗಲೇ ರಾಮದುರ್ಗಕ್ಕ ಹ್ವಾದೂರಿ. ಅಲ್ಲಿ ಓಣಿ ಉದ್ದ ಅದಾವಂತ. ಬೈಲಹೊಂಗಲದ ಸಾವಕಾರ ಒಂದ ಬಣ್ಣದ ಮೂರು ಸೀರಿ ಕೂಡೇ ಬೇಡತಾನ, ನಾವು ಕೊಡಾಕ ಆಗವಲ್ದು. ಮಂದಿ ಹ್ವಾದ ಮ್ಯಾಲ ಓಣಿ ಕೊಟ್ರ ಏನ ಮಾಡೂದ್ರಿ? ಹಾಸು ಒಬ್ಬನ ಕೈಯಿಂದ ಆಗೂ ಕೆಲಸ ಅಲ್ಲ."

"ನೋಡತೇನ್ರಿ," ಎಂದೆ.

ನಮ್ಮ ನಾಜರರು, ಅಂದರೆ ಬೇಲೀಫರ ಮೇಲಿನ ಅಧಿಕಾರಿ, ಹಿರಿಯರು, ನನ್ನನ್ನು ಕೆಲಸಕ್ಕೆ ಹಚ್ಚಿದವರು. ಸಂಜೆ ಬಾಗಿಲು ಮುಚ್ಚುವಾಗ ಅವರೇ ಮಾತು ತೆಗೆದರು.

"ತಮ್ಮಾ, ನಿನ್ನ ಸಹಿ ಐತಿ. ಪಂಚರ ಸಹಿ ಐತಿ. ಅವನ ಹೆಬ್ಬಟ್ಟ ಐತಿ. ಈಗ ಇಲ್ಲಾ ಅಂದ್ರ ನೀನ ಸುಳ್ಳಗಾರ. ಹದಿನಾಲ್ಕ ವರ್ಷದ ನಿನ್ನ ಶರಾ ಎಲ್ಲಾ ಸುಳ್ಳ ಏನು ಅಂತ ಕೇಳತಾರ. ಏನ ಹೇಳ್ತಿ?"

ನೇಕಾರರು ಹೊಸ ವಾರಂಟಿಗೆ ಅರ್ಜಿ ಹಾಕಿ, ಸಾಕ್ಷಿಗೆ ನನ್ನ ಹೆಸರು ಬರೆಸಿದರು. ಮೊದಲ ಮುದ್ದತಿನ, ಅಂದರೆ ವಿಚಾರಣೆಯ, ದಿನ ಜಡ್ಜ ಸಾಹೇಬರು ರಜೆಯಲ್ಲಿದ್ದರು. ಎರಡನೆಯ ಮುದ್ದತಿಗೆ ಮುನಸಿಪಾಲ್ಟಿಯ ವಕೀಲರು ವೇಳೆ ಬೇಡಿದರು. ಎರಡು ಸಲವೂ ನನಗೆ ಎದೆ ಹಗುರಾಯಿತು. ಮೂರನೆಯ ಮುದ್ದತಿನ ಹಿಂದಿನ ದಿನ ನಾನೇ ನಾಜರರನ್ನು ಕೇಳಿ, ಕಿತ್ತೂರಿನ ಕಡೆಗೆ ಸಮನ್ಸು ಮುಟ್ಟಿಸುವ ಕೆಲಸ ಹಾಕಿಸಿಕೊಂಡೆ. ಅಲ್ಲಿ ಅವಸರದ ಸಮನ್ಸು ಒಂದೂ ಇರಲಿಲ್ಲ. ಸಾಕ್ಷಿ ಹಾಜರಿಲ್ಲವೆಂದು ಮುದ್ದತು ಮಳೆಗಾಲದ ಆಚೆಗೆ ಹೋಯಿತು. ಇದನ್ನು ನಾನು ಈ ತನಕ ಯಾರಿಗೂ ಹೇಳಿರಲಿಲ್ಲ. ನಾಜರರಿಗೆ ಗೊತ್ತಿತ್ತು, ಅವರು ಈಗ ಇಲ್ಲ.

ಮಳೆಗಾಲ ಮುಗಿದ ಮೇಲೆ ಬೇರೆ ಯಾವುದೋ ಸಮನ್ಸಿಗೆ ಆ ಪೇಟೆಗೆ ಹೋಗಬೇಕಾಯಿತು. ಓಣಿಯನ್ನು ಬಳಸಿ ಹೋಗಬಹುದಿತ್ತು, ಆದರೆ ಕಾಲು ಅಲ್ಲಿಗೇ ಹೋಯಿತು. ಒಂಬತ್ತು ಬಾಗಿಲಲ್ಲಿ ಐದಕ್ಕೆ ಬೀಗ. ನೇಕಾರರ ಹೆಂಡತಿ ಅದೇ ಹೊಸ್ತಿಲ ಮೇಲೆ ಕುಳಿತು ಗಂಟು ಹಾಕುತ್ತಿದ್ದರು. ಎಳೆಯನ್ನು ಮೂಗಿನ ಹತ್ತಿರ ಹಿಡಿದು, ಕಾಣದೆ, ಬೆರಳಿನಿಂದ ತಡವಿ ತಡವಿ ತುದಿ ಹುಡುಕುತ್ತಿದ್ದರು. ನಾನು ಎದುರಿಗೇ ನಿಂತಿದ್ದೆ.

"ಯಾರದು?" ಎಂದರು.

"ನಾನ್ರಿ ಅವ್ವಾರ, ಬೇಲೀಫ."

"ಬರ್ರಿ, ಕುಂಡ್ರರಿ. ಯಜಮಾನ್ರು ರಾಮದುರ್ಗಕ್ಕ ಹೋಗ್ಯಾರ, ಮಗಳ ಮನಿ ಸಾಮಾನು ಮುಟ್ಟಿಸಾಕ. ಅಳಿಯಾನೂ ಹ್ವಾದ ನೋಡ್ರಿ ಮನ್ನೆ." ನಂತರ, ಗಂಟು ಬಿಗಿಯುತ್ತ, "ನೀವು ಕಿತ್ತೂರಿಗೆ ಹೋಗಿದ್ರಂತ. ಅರಾಮಾಗಿ ಬಂದ್ರಿ?" ಎಂದರು.

ನಾನು ಕುಳಿತುಕೊಳ್ಳಲಿಲ್ಲ.

ಮುಂದಿನ ಮುದ್ದತಿಗೆ ಸಾಕ್ಷಿಯ ಕಟಕಟೆ ಏರಿದೆ. ನೇಕಾರರ ವಕೀಲರು ವಾರಂಟು ತೋರಿಸಿದರು.

"ಈ ಶರಾ ನಿಮ್ಮ ಕೈ ಅಕ್ಷರ ಏನ್ರಿ?"

"ಹೌದ್ರಿ."

"ಇದರಾಗ ಬರದದ್ದು ಖರೇ ಏನು?"

"ಕಲ್ಲು ಕೊಟ್ಟದ್ದು ಖರೇ ರೀ. ಜಾಗಾ ಕೊಟ್ಟಿಲ್ರಿ. ಗ್ವಾಡಿ ಅಂದೂ ಇತ್ತು, ಇಂದೂ ಐತಿ. ನಾನು ನೋಡೇನಿ."

ಜಡ್ಜ ಸಾಹೇಬರು ವಾರಂಟು ತರಿಸಿ ನೋಡಿದರು. ನಂತರ ಬರೆದುಕೊಂಡರು. ನನ್ನ ಶರಾ ರದ್ದಾಯಿತು, ನನ್ನ ಹೆಸರಿಗೆ ತಾಕೀತು ಬಂತು, ನಾಜರರ ನಂತರ ಆ ಜಾಗಕ್ಕೆ ನನ್ನ ಹೆಸರು ಯಾರೂ ಎತ್ತಲಿಲ್ಲ. ಹೊಸ ವಾರಂಟು ಹೊರಟಿತು. ಮುನಸಿಪಾಲ್ಟಿಯವರು ಸಭೆಗಾಗಿ ಎರಡು ಸಲ ವೇಳೆ ಕೇಳಿ ಪಡೆದರು. ಮುನವಳ್ಳಿಯಿಂದ ಗೌಂಡಿಗಳನ್ನು ಕರೆತಂದು, ದನಗಳನ್ನು ಮೊದಲೇ ಹೊರಗೆ ಹೊಡೆಸಿ, ಗೋಡೆ ಕೆಡವಿಸಿದ್ದು ಶಿವರಾತ್ರಿ ಕಳೆದ ಮೇಲೆ. ಕಲ್ಲು ಕೊಟ್ಟ ದಿನದಿಂದ ಹದಿನಾಲ್ಕು ತಿಂಗಳು. ಗೋಡೆಗೆ ಹಿಡಿದದ್ದು ಒಂದು ಮುಂಜಾನೆ. ನಾನು ಕೊನೆಯ ಕಲ್ಲು ಹೊರಗೆ ಹೋಗುವ ತನಕ ನಿಂತೆ, ಹಗ್ಗ ಹಿಡಿದು ಅಳೆದೆ, ಹನ್ನೊಂದು ಮೊಳ ಸರಿಯಾಗಿತ್ತು. ಆಮೇಲೆ ಶರಾ ಬರೆದೆ.

ಮರುದಿನ ಮುಂಜಾನೆ ನೇಕಾರರು ಮೂರು ಸೀರೆಯ ಹಾಸು ಹೊರಗೆ ತಂದರು. ನಾನು ರಾತ್ರಿ ಅಲ್ಲಿಯೇ ಗುಡಿಯಲ್ಲಿ ಉಳಿದಿದ್ದೆ, ಹೋಗುವ ಮೊದಲು ನೋಡಿ ಹೋಗೋಣ ಎಂದು ಬಂದೆ. ಓಣಿಯಲ್ಲಿ ಉಳಿದಿದ್ದು ಮೂರು ಮನೆ. ಕೆಲಸ ಬಲ್ಲವರು ಎಣಿಸಿದರೆ ನಾಲ್ವರು. ಅವರಲ್ಲಿ ನೇಕಾರರ ಹೆಂಡತಿಗೆ ಎಳೆ ಕಾಣುತ್ತಿರಲಿಲ್ಲ.

"ಎಂಟ ಮಂದಿ ಬೇಕ್ರಿ," ಎಂದರು ನೇಕಾರರು, ಕೈಯಲ್ಲಿ ಕುಂಚ ಹಿಡಿದು ಓಣಿಯ ಆ ತುದಿ ನೋಡುತ್ತ. ನಂತರ ನೋಡಲು ನಿಂತಿದ್ದ ನಮ್ಮ ಕಡೆಗೆ ತಿರುಗಿ, "ಬರ್ರೆಪಾ, ಕೈ ಹಚ್ಚರಿ. ಕಲತ ಹುಟ್ಟಿದವರು ಯಾರದಾರ?" ಎಂದರು.

ಹಜಾಮ ಬಂದ, ಎಣ್ಣೆ ಮಾರುವವರು ಬಂದರು. ಕೊಂಡವಾಡದ ಕಾವಲುಗಾರನೂ ಬಂದ. ಅವನಿಗೆ ಕಾಯಲು ಅಲ್ಲಿ ಏನೂ ಉಳಿದಿರಲಿಲ್ಲ. ನನ್ನನ್ನು ಸೇರಿಸಿ ಏಳು ಜನ ಆದೆವು. ನಾನು ಪಡುವಣ ತುದಿಗೆ, ಕಾವಲುಗಾರನ ಜೊತೆ, ಹಾಸಿನ ಕೋಲು ಹಿಡಿದೆ. ಅರವತ್ತು ಮೊಳ ಎಳೆ ಓಣಿಯುದ್ದಕ್ಕೂ ಬಿಗಿಯಾಗಿ ನಿಂತಿತು. ಗಂಜಿ ಸವರಲು ಸುರು ಮಾಡಿದರು. ಸ್ವಲ್ಪ ಹೊತ್ತು ಎಲ್ಲ ನೆಟ್ಟಗೆ ನಡೆಯಿತು. ಹಜಾಮನಿಗೆ ಕುಂಚ ಹಿಡಿದು ಖುಷಿಯಾಗಿತ್ತು. ಇಷ್ಟು ಉದ್ದ ಗಡ್ಡ ತಾನು ಎಂದೂ ಬಾಚಿಲ್ಲ ಎಂದ.

"ಬಿಗಿ ಹಿಡೀರಿ ಬೇಲೀಫ್ರ," ಎಂದು ನೇಕಾರರ ಹೆಂಡತಿ ಹೊಸ್ತಿಲಿನಿಂದ ಕೂಗಿದರು. ಅವರಿಗೆ ಕಾಣದಿದ್ದರೂ ಎಳೆಯ ಸಪ್ಪಳದಿಂದ ತಿಳಿಯುತ್ತಿತ್ತು. "ಎಮ್ಮಿ ಹಗ್ಗಲ್ಲ ಅದು. ಎರಡೂ ಕಡೆ ಒಂದ ಸವನ ಇರಬೇಕು."

ನನ್ನ ಕೈ ಸೋತಿತ್ತು. ಹಿಡಿತ ಬದಲಿಸಲು ಬಲಗೈ ಸಡಿಲ ಬಿಟ್ಟೆ, ಒಂದು ಉಸಿರಿನಷ್ಟು. ನನ್ನ ಕಡೆಯ ಎಳೆಗಳು ಜೋತು ಬಿದ್ದು ನಡುವಿನ ಎಳೆಗಳ ಮೇಲೆ ಕುಳಿತವು. ಗಂಜಿ ಹಸಿಯಾಗಿತ್ತು, ಹಿಡಿದುಕೊಂಡಿತು. ಮತ್ತೆ ಜಗ್ಗಿದೆ, ಜಗ್ಗಬಾರದಿತ್ತು. ನೇಕಾರರು ಓಡಿ ಬಂದು ಬೆರಳು ಹಾಕಿ ಬಿಡಿಸಲು ನೋಡಿದರು. ಬಲ್ಲವರು ನಾಲ್ಕು ಕಡೆ ಕೈ ಹಾಕಿದ್ದರೆ ಬಿಡುತ್ತಿತ್ತೋ ಏನೋ. ಬಿಸಿಲು ಏರಿತು, ಗಂಜಿ ಒಣಗಿತು, ಬಿಡಿಸಿದಲ್ಲೆಲ್ಲ ಎಳೆ ಪಟಪಟನೆ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಚಾಕು ತರಿಸಿ ಹಾಸನ್ನು ತಾವೇ ಕತ್ತರಿಸಿದರು.

ನಾನು ಕೋಲು ಕೆಳಗಿಟ್ಟು ಅವರ ಹತ್ತಿರ ಹೋದೆ.

"ನಿಮ್ಮದಲ್ರಿ ತಪ್ಪು," ಎಂದರು. "ಇದು ಕಲತ ಕೈ ಬೇಡತೈತಿ. ಆ ಕೈ ಎಲ್ಲಾ ರಾಮದುರ್ಗದಾಗ ಅದಾವ."

ಎಂಟನೆಯ ದಿನಕ್ಕೆ ಅವರು ಮಗ್ಗ ಬಿಚ್ಚಿ ಗಾಡಿಗೆ ಹೇರಿದರು. ರಾಮದುರ್ಗ ಬೇರೆ ಸಂಸ್ಥಾನ, ನಮ್ಮ ಕೋರ್ಟಿನ ಕಾಗದ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಅವರ ಮನೆಗೆ ನಾನು ಮತ್ತೆ ಯಾವ ಕಾಗದವನ್ನೂ ಒಯ್ಯಲಿಲ್ಲ. ಓಣಿ ಅವರದೇ. ಸನದಿನಲ್ಲಿ, ಹುಕುಮನಾಮೆಯಲ್ಲಿ, ನನ್ನ ಕೊನೆಯ ಶರಾದಲ್ಲಿ ಈಗಲೂ ಅವರದೇ.

ಎಳ್ಳಮಾವಾಸ್ಯೆಯ ಹಿಂದಿನ ದಿನದ ಆ ಮುಂಜಾನೆ ನಾನು ಕಲ್ಲು ಕೊಟ್ಟದ್ದನ್ನು ಕಂಡವರು ಆರು ಜನ. ನೇಕಾರರು ರಾಮದುರ್ಗಕ್ಕೆ ಹೋದ ಮೂರನೆಯ ವರ್ಷ ತೀರಿಕೊಂಡರು. ಎಣ್ಣೆ ಮಾರುವವರೂ ಹೋದರು. ಶೆಕ್ರೆಟರಿಯವರು ಎಲ್ಲಿದ್ದಾರೆ, ಇದ್ದಾರೋ ಇಲ್ಲವೋ, ತಿಳಿಯದು. ಬದುಕಿರುವವರು ಮೂವರು. ಹಜಾಮ ಅದೇ ಮೂಲೆಯಲ್ಲಿದ್ದಾನೆ, ಈಗ ಮಗ ಕತ್ತಿ ಹಿಡಿಯುತ್ತಾನೆ. ಕಾವಲುಗಾರ ಉಗರಗೋಳದಲ್ಲಿ ಗುಡ್ಡದ ದೇವಿಯ ಜಾತ್ರೆಗೆ ಬರುವವರ ಗಾಡಿ ಎತ್ತು ಕಾಯುತ್ತಾನೆ. ನೇಕಾರರ ಹೆಂಡತಿ ರಾಮದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವರನ್ನು ಕೇಳಬಹುದು.